ಕಾಡಿನ ಕೆಲಸಕ್ಕೆ ಬರಬೇಕೆನ್ನುವವರಿಗೆ: ಕಾಲೇಜಿನಿಂದ ಸೀನಿಯರ್ ಇಕಾಲಜಿಸ್ಟ್‌ವರೆಗಿನ ದಾರಿ

ಬಿಎಸ್ಸಿ ಓದುತ್ತಿರುವವರು, ಐಟಿ ಕೆಲಸ ಬಿಟ್ಟು ಬರುತ್ತೇನೆ ಅನ್ನುವವರು, ಮಗಳ ಪರವಾಗಿ ವಿಚಾರಿಸುವ ಅಪ್ಪ ಅಮ್ಮಂದಿರು, ಎಲ್ಲರೂ ನನ್ನನ್ನು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. ಕಾಡು ಉಳಿಸುವ ಕೆಲಸ ಮಾಡಬೇಕು, ಎಲ್ಲಿಂದ ಶುರು ಮಾಡಲಿ? ಏನು ಓದಲಿ? ಸಂಬಳ ಸಿಗುತ್ತಾ? ಒಬ್ಬೊಬ್ಬರಿಗೂ ಅರ್ಧರ್ಧ ಉತ್ತರ ಕೊಡುವ ಬದಲು ಒಂದೇ ಕಡೆ ಪೂರ್ತಿ ಬರೆದಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಶಿರಸಿ–ಹೊನ್ನಾವರ ಕಡೆಯವು, ಯಾಕೆಂದರೆ ನನಗೆ ಗೊತ್ತಿರುವ ಕಾಡುಗಳು ಅವು.

ಮೊದಲು ಈ ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಇಕಾಲಜಿಸ್ಟ್ ಅಂದರೆ ಒಂದು ಜೀವಿಗೂ ಅದು ಬದುಕುವ ಜಾಗಕ್ಕೂ ಇರುವ ನಂಟನ್ನು ಅಳೆದು ನೋಡುವವರು. ಅಳೆದು ಅನ್ನುವುದೇ ಮುಖ್ಯ. ಹುಲಿ ಕಂಡಿತು, ಖುಷಿಯಾಯಿತು ಅನ್ನುವಲ್ಲಿಗೆ ಅವರ ಕೆಲಸ ಮುಗಿಯುವುದಿಲ್ಲ. ಎಷ್ಟು ಹುಲಿ ಇವೆ, ಹೋದ ಸಲಕ್ಕಿಂತ ಜಾಸ್ತಿಯೋ ಕಡಿಮೆಯೋ, ಯಾಕೆ, ಇನ್ನು ಏನು ಮಾಡಬೇಕು ಅನ್ನುವ ಪ್ರಶ್ನೆಗಳಿಗೆ ನಂಬುವಂಥ ಉತ್ತರ ಕೊಡಬೇಕು. ಸೀನಿಯರ್ ಇಕಾಲಜಿಸ್ಟ್ ಅಂದರೆ ಆ ಉತ್ತರಕ್ಕೆ ಹೆಸರು ಹಾಕಿ ಜವಾಬ್ದಾರಿ ಹೊರುವವರು. ತಂಡ ನಡೆಸುವುದು, ಅಂಕಿ ಅಂಶ ಪರಿಶೀಲಿಸುವುದು, ಅರಣ್ಯ ಇಲಾಖೆಯ ಜತೆ, ಊರಿನವರ ಜತೆ, ಕೆಲವೊಮ್ಮೆ ಕೋರ್ಟಿನ ಮುಂದೆ ಆ ಅಂಕಿಯನ್ನು ಸಮರ್ಥಿಸುವುದು ಅವರ ಪಾಲಿಗೆ ಬರುತ್ತದೆ. ಹಾಗಾಗಿ ಮೇಲೆ ಹೋದಂತೆ ಕಾಡಿನಲ್ಲಿ ಇರುವ ದಿನಗಳು ಕಡಿಮೆಯಾಗುತ್ತವೆ, ಮೇಜಿನ ಮುಂದೆ ಕೂರುವ ದಿನಗಳು ಜಾಸ್ತಿಯಾಗುತ್ತವೆ. ಇದನ್ನು ಮೊದಲೇ ತಿಳಿದುಕೊಂಡು ಬನ್ನಿ.

ಇನ್ನೊಂದು ಗೊಂದಲ. ಅರಣ್ಯಾಧಿಕಾರಿ ಬೇರೆ, ಇಕಾಲಜಿಸ್ಟ್ ಬೇರೆ. ನೇರವಾಗಿ ಡಿಎಫ್‌ಒ, ಅಂದರೆ ವಿಭಾಗದ ಅರಣ್ಯಾಧಿಕಾರಿ, ಆಗಬೇಕೆಂದರೆ ಯುಪಿಎಸ್‌ಸಿ ನಡೆಸುವ ಭಾರತೀಯ ಅರಣ್ಯ ಸೇವೆಯ ಪರೀಕ್ಷೆ ಬರೆಯಬೇಕು. ಕಾಡಿನ ಆಡಳಿತ, ಕಾವಲು, ಕೇಸು ಹಾಕುವ ಅಧಿಕಾರ ಎಲ್ಲ ಅವರದ್ದು. ಇಕಾಲಜಿಸ್ಟ್‌ಗೆ ಅಧಿಕಾರ ಇಲ್ಲ, ಅಂಕಿ ಮತ್ತು ಮಾತು ಮಾತ್ರ ಇದೆ. ನಿಮಗೆ ಯಾವುದು ಬೇಕು ಅಂತ ಈಗಲೇ ಯೋಚಿಸಿ, ಎರಡಕ್ಕೂ ತಯಾರಿ ಬೇರೆ ಬೇರೆ.

ಹಂತ 1: ಓದು

ಡಿಗ್ರಿಯಲ್ಲಿ ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ, ಪರಿಸರ ವಿಜ್ಞಾನ, ಅರಣ್ಯಶಾಸ್ತ್ರ ಯಾವುದಾದರೂ ನಡೆಯುತ್ತದೆ. ನಮ್ಮಲ್ಲಿ ಶಿರಸಿ ಮತ್ತು ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜುಗಳಿವೆ, ಅಲ್ಲಿ ಓದಿದವರಿಗೆ ಮರ ಗುರುತಿಸುವುದು, ಕಾಡು ಅಳೆಯುವುದು ಮೊದಲೇ ಕೈಗೆ ಹತ್ತಿರುತ್ತದೆ. ಎಂಜಿನಿಯರಿಂಗ್ ಓದಿ ಬಂದು ಈ ಕ್ಷೇತ್ರದಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿರುವವರೂ ಇದ್ದಾರೆ, ಗಣಿತದ ಭಯ ಇಲ್ಲದಿರುವುದು ಅವರಿಗೆ ದೊಡ್ಡ ಬಲ.

ಡಿಗ್ರಿ ಆದಮೇಲೆ ಎಂಎಸ್ಸಿ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಬಿಎಸ್) ವನ್ಯಜೀವಿ ಜೀವಶಾಸ್ತ್ರ ಮತ್ತು ಸಂರಕ್ಷಣೆಯ ಎಂಎಸ್ಸಿ ಇದೆ. ಪ್ರವೇಶ ಎರಡು ವರ್ಷಕ್ಕೊಮ್ಮೆ ಮಾತ್ರ, ಸೀಟು ತೀರಾ ಕಡಿಮೆ, ಹಾಗಾಗಿ ಯಾವ ವರ್ಷ ಅರ್ಜಿ ಕರೆಯುತ್ತಾರೆ ಅಂತ ಮೊದಲೇ ನೋಡಿಟ್ಟುಕೊಳ್ಳಿ. ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ ಇನ್ನೊಂದು ದೊಡ್ಡ ಕೇಂದ್ರ. ಇವೆರಡರಲ್ಲಿ ಸಿಗದಿದ್ದರೆ ದಾರಿ ಮುಚ್ಚಿತು ಅಂತಲ್ಲ. ಯಾವುದೇ ವಿಶ್ವವಿದ್ಯಾಲಯದ ಎಂಎಸ್ಸಿಯ ಜತೆ ಒಳ್ಳೆಯ ಕ್ಷೇತ್ರ ಅನುಭವ ಇದ್ದರೂ ಕೆಲಸ ಸಿಗುತ್ತದೆ.

ಪಿಎಚ್‌ಡಿ ಬೇಕೇ ಬೇಕಾ? ಕ್ಷೇತ್ರ ಸಂಯೋಜಕರಾಗಲು ಬೇಡ. ಸೀನಿಯರ್ ಹುದ್ದೆಗೆ ಬಹುಪಾಲು ಕಡೆ ಪಿಎಚ್‌ಡಿ ಕೇಳುತ್ತಾರೆ, ಇಲ್ಲವೇ ಅದಕ್ಕೆ ಸಮನಾದ ಅನುಭವ ಮತ್ತು ಪ್ರಕಟವಾದ ಸಂಶೋಧನೆ ಕೇಳುತ್ತಾರೆ. ಬೆಂಗಳೂರಿನಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಪರಿಸರ ವಿಜ್ಞಾನ ಕೇಂದ್ರ, ಎಟ್ರೀ ಅನ್ನುವ ಪರಿಸರ ಸಂಶೋಧನಾ ಸಂಸ್ಥೆ, ಎನ್‌ಸಿಬಿಎಸ್ ಇವೆ. ನಮ್ಮ ರಾಜ್ಯದವರಿಗೆ ಇಷ್ಟು ಹತ್ತಿರದಲ್ಲಿ ಇಷ್ಟೊಂದು ಅವಕಾಶ ಇದೆ ಅನ್ನುವುದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಎಚ್ಚರಿಕೆ: "ವೈಲ್ಡ್‌ಲೈಫ್ ಕೋರ್ಸ್" ಅಂತ ವಾರಾಂತ್ಯಕ್ಕೆ ದುಬಾರಿ ಫೀಸು ತೆಗೆದುಕೊಂಡು ಸರ್ಟಿಫಿಕೇಟ್ ಕೊಡುವವರಿದ್ದಾರೆ. ನಾವು ಕೆಲಸಕ್ಕೆ ತೆಗೆದುಕೊಳ್ಳುವಾಗ ಆ ಸರ್ಟಿಫಿಕೇಟಿಗೆ ಬೆಲೆ ಕೊಡುವುದಿಲ್ಲ.

ಹಂತ 2: ಮನೆ ಹತ್ತಿರದ ಒಂದು ಜಾಗವನ್ನು ಪೂರ್ತಿ ಕಲಿಯಿರಿ

ಕೆಲಸ ಸಿಕ್ಕಮೇಲೆ ಕಾಡು ಕಲಿಯುತ್ತೇನೆ ಅಂತ ಕೂರಬೇಡಿ. ನಿಮ್ಮ ಊರಿನ ಕೆರೆ, ಗೋಮಾಳ, ದೇವರಕಾಡು, ಕಾಲೇಜಿನ ಹಿಂದಿನ ಗುಡ್ಡ, ಯಾವುದಾದರೂ ಒಂದು ಜಾಗ ಆರಿಸಿಕೊಳ್ಳಿ. ವಾರಕ್ಕೊಂದು ಸಲ, ಅದೇ ಹೊತ್ತಿಗೆ, ಅದೇ ದಾರಿಯಲ್ಲಿ ನಡೆಯಿರಿ. ಕಂಡ ಹಕ್ಕಿಗಳನ್ನು ಇ-ಬರ್ಡ್ ಅನ್ನುವ ಹಕ್ಕಿ ದಾಖಲೆಯ ಜಾಲತಾಣಕ್ಕೆ ಹಾಕಿ. ಒಂದೆರಡು ಮರಗಳನ್ನು ಹಿಡಿದು ಯಾವಾಗ ಚಿಗುರು, ಯಾವಾಗ ಹೂವು, ಯಾವಾಗ ಕಾಯಿ ಅಂತ ಬರೆಯಿರಿ. ಇದಕ್ಕೆಂದೇ ಸೀಸನ್‌ವಾಚ್ ಅನ್ನುವ ಯೋಜನೆ ಇದೆ, ಯಾರು ಬೇಕಾದರೂ ಸೇರಬಹುದು.

ಇಲ್ಲಿ ಕಲಿಯಬೇಕಾದ ಒಂದು ಅಭ್ಯಾಸ ಇಡೀ ವೃತ್ತಿಗೆ ಬೇಕಾಗುತ್ತದೆ. ಏನೂ ಕಾಣದ ದಿನವನ್ನೂ ಬರೆಯಿರಿ. "ಬೆಳಿಗ್ಗೆ 6:30ರಿಂದ 8, ಮೋಡ, ಏನೂ ಕಾಣಲಿಲ್ಲ" ಅನ್ನುವುದೂ ಮಾಹಿತಿಯೇ. ಕಂಡದ್ದನ್ನು ಮಾತ್ರ ಬರೆದರೆ ಆ ಪುಸ್ತಕ ನೋಡಿದವರಿಗೆ ಅಲ್ಲಿ ದಿನಾ ಪ್ರಾಣಿಗಳು ಕಾಣುತ್ತವೆ ಅನ್ನಿಸುತ್ತದೆ. ಪೆನ್ನಿನಲ್ಲಿ ಬರೆಯಬೇಡಿ, ಮಳೆಗೆ ಅಳಿಸಿ ಹೋಗುತ್ತದೆ. ಪೆನ್ಸಿಲ್ ಸಾಕು.

ಹೆಜ್ಜೆ, ಹಿಕ್ಕೆ, ಲದ್ದಿ, ಕೆರೆದ ಗುರುತು ಕಲಿಯಿರಿ. ಕಡವೆಯ ಹಿಕ್ಕೆಗೂ ಜಿಂಕೆಯ ಹಿಕ್ಕೆಗೂ ವ್ಯತ್ಯಾಸ ಪುಸ್ತಕದ ಚಿತ್ರದಿಂದ ಬರುವುದಿಲ್ಲ, ಗೊತ್ತಿರುವ ಒಬ್ಬರ ಜತೆ ಬಗ್ಗಿ ನೋಡಿದಾಗಲೇ ಬರುವುದು.

ಎಚ್ಚರಿಕೆ: ಅಭ್ಯಾಸಕ್ಕೆ ಅಂತ ಮೀಸಲು ಅರಣ್ಯ, ಅಭಯಾರಣ್ಯದೊಳಗೆ ಸುಮ್ನೆ ನುಗ್ಗಬೇಡಿ. ಅದು ಅಪರಾಧ. ಒಂದು ಕೇಸು ಬಿದ್ದರೆ ಮುಂದೆ ಸಂಶೋಧನೆಯ ಅನುಮತಿ ಕೇಳುವಾಗ ಅದೇ ಅಡ್ಡ ಬರುತ್ತದೆ. ಉದುರಿದ ಕಡವೆ ಕೊಂಬನ್ನು ನೆನಪಿಗೆ ಅಂತ ಮನೆಗೆ ತರುವುದೂ ತಪ್ಪೇ.

ಹಂತ 3: ಎಣಿಸುವುದನ್ನು ಕಲಿಯಿರಿ

ಜಾಸ್ತಿ ಜನ ಸೋಲುವುದು ಈ ಹಂತದಲ್ಲಿ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಕಾಡಿನಲ್ಲಿ ಇರುವ ಪ್ರಾಣಿಗಳೆಲ್ಲ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಇದು ಎಲ್ಲರಿಗೂ ಗೊತ್ತು, ಆದರೆ ಲೆಕ್ಕ ಮಾಡುವಾಗ ಎಲ್ಲರೂ ಮರೆಯುತ್ತಾರೆ. ಬಂಡೀಪುರದ ತೆರೆದ ಕಾಡಿನಲ್ಲಿ ಒಂದು ಬೆಳಿಗ್ಗೆ 10 ಕಡವೆ ಕಂಡವು, ಶರಾವತಿ ಕಣಿವೆಯ ದಟ್ಟ ಕಾಡಿನಲ್ಲಿ 2 ಕಂಡವು ಅಂತಿಟ್ಟುಕೊಳ್ಳಿ. ಬಂಡೀಪುರದಲ್ಲಿ ಐದು ಪಟ್ಟು ಜಾಸ್ತಿ ಇವೆ ಅಂತ ಹೇಳಬಹುದಾ? ಇಲ್ಲ. ಒಂದು ಕಡೆ ಐವತ್ತು ಮೀಟರ್ ಆಚೆಗೂ ಕಣ್ಣು ಹಾಯುತ್ತದೆ, ಇನ್ನೊಂದು ಕಡೆ ಹತ್ತು ಮೀಟರ್ ಆಚೆ ಆನೆ ನಿಂತರೂ ಕಾಣುವುದಿಲ್ಲ. ಇದ್ದದ್ದರಲ್ಲಿ ನಮಗೆ ಎಷ್ಟು ಪಾಲು ಕಂಡಿತು ಅನ್ನುವುದನ್ನು ಬೇರೆಯಾಗಿ ಅಳೆಯದೆ, ಕಂಡ ಸಂಖ್ಯೆಯಿಂದ ಏನನ್ನೂ ಹೇಳುವ ಹಾಗಿಲ್ಲ. ಈ ಪಾಲಿಗೆ ಪತ್ತೆಯ ಸಂಭವ ಅನ್ನುತ್ತಾರೆ. ನೀವು ಬಳಸುವ ಪ್ರತಿ ವಿಧಾನವೂ ಇದನ್ನು ಅಳೆಯಲು ಹುಟ್ಟಿಕೊಂಡದ್ದು.

ಹಿಂದೆ ನಮ್ಮ ದೇಶದಲ್ಲಿ ಹುಲಿ ಎಣಿಸುತ್ತಿದ್ದದ್ದು ಹೆಜ್ಜೆ ಗುರುತಿನಿಂದ. ಒಂದೊಂದು ಹುಲಿಯ ಹೆಜ್ಜೆಯೂ ಬೇರೆ, ನೋಡಿದರೆ ಗುರುತು ಸಿಗುತ್ತದೆ ಅನ್ನುವ ನಂಬಿಕೆ. ರಾಜಸ್ಥಾನದ ಸರಿಸ್ಕಾದಲ್ಲಿ ಹುಲಿಗಳೇ ಉಳಿದಿಲ್ಲ ಅನ್ನುವುದು 2005ರ ಹೊತ್ತಿಗೆ ಬಯಲಾದಾಗ ಆ ಲೆಕ್ಕದ ಬಗ್ಗೆ ದೊಡ್ಡ ಪ್ರಶ್ನೆ ಎದ್ದಿತು. ಅಷ್ಟು ಹೊತ್ತಿಗಾಗಲೇ ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಕ್ಯಾಮೆರಾ ಟ್ರ್ಯಾಪ್ ಇಟ್ಟು, ಪಟ್ಟೆಗಳಿಂದ ಹುಲಿ ಗುರುತಿಸಿ, ಸಂಖ್ಯಾಶಾಸ್ತ್ರದಿಂದ ಅಂದಾಜು ಮಾಡುವ ವಿಧಾನವನ್ನು 1995ರಲ್ಲೇ ಪ್ರಕಟಿಸಿದ್ದರು. ಕ್ಯಾಮೆರಾ ಟ್ರ್ಯಾಪ್ ಅಂದರೆ ಮುಂದೆ ಪ್ರಾಣಿ ಹಾದಾಗ ತಾನೇ ಫೋಟೋ ತೆಗೆಯುವ ಪೆಟ್ಟಿಗೆ. 2006ರಿಂದ ನಾಲ್ಕು ವರ್ಷಕ್ಕೊಮ್ಮೆ ದೇಶದಾದ್ಯಂತ ನಡೆಯುವ ಹುಲಿ ಅಂದಾಜಿನಲ್ಲಿ ಕ್ಯಾಮೆರಾ ಟ್ರ್ಯಾಪ್ ಮುಖ್ಯ ಭಾಗ. 2022ರ ಅಂದಾಜಿನಲ್ಲಿ ಕರ್ನಾಟಕಕ್ಕೆ ಬಂದ 563 ಅನ್ನುವ ಅಂಕಿಯ ಹಿಂದೆ ಇರುವುದು ಇದೇ ಲೆಕ್ಕ.

ಲೆಕ್ಕದ ತಿರುಳು ಸುಲಭ. ಮೊದಲ ಸುತ್ತಿನಲ್ಲಿ 20 ಹುಲಿಗಳ ಫೋಟೋ ಸಿಕ್ಕಿತು ಅಂದುಕೊಳ್ಳಿ. ಎರಡನೇ ಸುತ್ತಿನಲ್ಲೂ 20 ಸಿಕ್ಕವು, ಅದರಲ್ಲಿ 10 ಮೊದಲೇ ಸಿಕ್ಕಿದ್ದವು. ಅಂದರೆ ಎರಡನೇ ಸುತ್ತಿನ ಅರ್ಧ ಹಳೆಯವು. ಹಾಗಾದರೆ ಮೊದಲ ಸುತ್ತಿನಲ್ಲಿ ನಾವು ಹಿಡಿದದ್ದು ಒಟ್ಟು ಹುಲಿಗಳ ಅರ್ಧದಷ್ಟು. ಒಟ್ಟು ಸುಮಾರು 40. ಇಂದಿನ ವಿಧಾನಗಳಲ್ಲಿ ಕ್ಯಾಮೆರಾ ಎಲ್ಲಿತ್ತು, ಹುಲಿ ಎಷ್ಟು ದೂರ ಓಡಾಡುತ್ತದೆ ಅನ್ನುವುದನ್ನೂ ಸೇರಿಸುತ್ತಾರೆ. ತಿರುಳು ಮಾತ್ರ ಇದೇ.

ಇದರಲ್ಲಿ ಹೊಸಬರು ತಪ್ಪುವ ಜಾಗಗಳು ಇವು. ಹುಲಿಯ ಎಡಮೈ ಪಟ್ಟೆಯೇ ಬೇರೆ, ಬಲಮೈ ಪಟ್ಟೆಯೇ ಬೇರೆ, ಆದ್ದರಿಂದ ದಾರಿಯ ಎರಡೂ ಬದಿಗೆ ಒಂದೊಂದು ಕ್ಯಾಮೆರಾ ಇಡಬೇಕು. ಎರಡನ್ನೂ ಸರಿಯಾಗಿ ಎದುರುಬದುರು ಇಟ್ಟರೆ ಒಂದರ ಫ್ಲ್ಯಾಶ್ ಇನ್ನೊಂದರ ಫೋಟೋ ಕೆಡಿಸುತ್ತದೆ, ಸ್ವಲ್ಪ ಓರೆ ಮಾಡಿ. ಎತ್ತರ ಹೆಚ್ಚುಕಡಿಮೆ ನಿಮ್ಮ ಮೊಣಕಾಲಿನಷ್ಟು. ಮುಂದಿನ ಹುಲ್ಲು ಸವರಿ, ಇಲ್ಲದಿದ್ದರೆ ಗಾಳಿಗೆ ಹುಲ್ಲು ಅಲ್ಲಾಡಿದ ಸಾವಿರ ಫೋಟೋ ಬರುತ್ತವೆ. ಎಲ್ಲಕ್ಕಿಂತ ಮುಖ್ಯ, ದಿನಾಂಕ ಮತ್ತು ಗಡಿಯಾರ. ಬ್ಯಾಟರಿ ಬದಲಿಸಿದಾಗ ತಾರೀಕು ಹಿಂದಕ್ಕೆ ಹೋಗಿಬಿಟ್ಟ ಕ್ಯಾಮೆರಾದಿಂದ ಬಂದ ಫೋಟೋವನ್ನು ಯಾವ ದಿನಕ್ಕೆ ಸೇರಿಸುತ್ತೀರಿ? ಪ್ರತಿ ಸಲ ಪರೀಕ್ಷಿಸಿ, ಕೈಗಡಿಯಾರವನ್ನು ಅದರ ಮುಂದೆ ಹಿಡಿದು ಒಂದು ಫೋಟೋ ತೆಗೆಸಿಬಿಡಿ.

ಜಿಂಕೆ, ಕಡವೆ, ಕಾಟಿಗಳನ್ನು ಹುಲಿಯ ಹಾಗೆ ಮೈಮೇಲಿನ ಗುರುತಿನಿಂದ ಒಂದೊಂದಾಗಿ ಸುಲಭವಾಗಿ ಗುರುತಿಸಲಾಗುವುದಿಲ್ಲ. ಅವಕ್ಕೆ ಲೈನ್ ಟ್ರಾನ್ಸೆಕ್ಟ್. ಅಂದರೆ ನಕ್ಷೆಯಲ್ಲಿ ಮೊದಲೇ ಗುರುತು ಮಾಡಿಕೊಂಡ ಗೆರೆಯ ಮೇಲೆ ನಡೆದು, ಕಂಡ ಪ್ರತಿ ಹಿಂಡಿಗೂ ದೂರ ಮತ್ತು ದಿಕ್ಕು ಅಳೆಯುವುದು. ದೂರ ಅಳೆಯಲು ರೇಂಜ್‌ಫೈಂಡರ್, ದಿಕ್ಕಿಗೆ ಕಂಪಾಸ್. ಇವೆರಡರಿಂದ ಗೆರೆಗೂ ಪ್ರಾಣಿಗೂ ಇರುವ ನೇರ ಅಡ್ಡದೂರ ಸಿಗುತ್ತದೆ. ದೂರ ಹೋದಂತೆ ಕಾಣುವುದು ಹೇಗೆ ಕಡಿಮೆಯಾಗುತ್ತದೆ ಅನ್ನುವುದರಿಂದ ಪತ್ತೆಯ ಸಂಭವ ಸಿಗುತ್ತದೆ. ಈ ಲೆಕ್ಕ ನಿಲ್ಲುವುದು ಮೂರು ಕಂಬಗಳ ಮೇಲೆ: ಗೆರೆಯ ಮೇಲೇ ಇರುವ ಪ್ರಾಣಿ ತಪ್ಪದೆ ಕಾಣಬೇಕು, ನಿಮ್ಮನ್ನು ಕಂಡು ಅದು ಸರಿದು ಹೋಗುವ ಮೊದಲು ನೀವು ಅದನ್ನು ನೋಡಬೇಕು, ದೂರವನ್ನು ಕಣ್ಣಂದಾಜಿನಲ್ಲಿ ಅಲ್ಲ, ಅಳೆದೇ ಬರೆಯಬೇಕು. ಹಿಂಡಾದರೆ ಹಿಂಡಿನ ನಡುಭಾಗಕ್ಕೆ ಅಳೆಯಿರಿ, ಹತ್ತಿರದ ಜಿಂಕೆಗಲ್ಲ. ಒಂದು ಜಾತಿಗೆ ಕನಿಷ್ಠ 60ರಿಂದ 80 ಸಲ ಕಂಡಿದ್ದರೆ ಅಂದಾಜು ಗಟ್ಟಿಯಾಗುತ್ತದೆ. ಆರು ಸಲ ಕಂಡು ಸಾಂದ್ರತೆ (ಒಂದು ಚದರ ಕಿಲೋಮೀಟರಿಗೆ ಎಷ್ಟು ಅನ್ನುವುದು) ಹೇಳುವ ವರದಿಗಳನ್ನು ನಂಬಬೇಡಿ.

ಸುಲಭ ಅಂತ ಜೀಪ್ ರಸ್ತೆಯ ಮೇಲೆ ಟ್ರಾನ್ಸೆಕ್ಟ್ ಹಾಕುವವರಿದ್ದಾರೆ. ದಯವಿಟ್ಟು ಬೇಡ. ರಸ್ತೆ ಬದಿಯ ಹುಲ್ಲಿಗೆ ಜಿಂಕೆ ಬರುತ್ತದೆ, ಕೆಲವು ಪ್ರಾಣಿ ರಸ್ತೆಯಿಂದಲೇ ದೂರ ಇರುತ್ತವೆ. ಎರಡೂ ಸೇರಿ ಲೆಕ್ಕ ಹಾಳು.

ಈ ಹಂತಕ್ಕೆ ಬೇಕಾದ ಉಪಕರಣ ಒಂದು ಸಾಧಾರಣ ಲ್ಯಾಪ್‌ಟಾಪ್ ಮತ್ತು ಉಚಿತವಾಗಿ ಸಿಗುವ ಆರ್ ಅನ್ನುವ ತಂತ್ರಾಂಶ. ನಕ್ಷೆಗೆ ಕ್ಯುಜಿಐಎಸ್, ಅದೂ ಉಚಿತ. ದಿನಕ್ಕೆ ಒಂದು ಗಂಟೆ ಕೊಡಿ. ಕಾಡು ನಡೆಯಬಲ್ಲವರು ಬೇಕಾದಷ್ಟು ಜನ ಸಿಗುತ್ತಾರೆ, ಕಾಡು ನಡೆದು ಬಂದು ರಾತ್ರಿ ಆ ಅಂಕಿಯನ್ನು ತಾವೇ ವಿಶ್ಲೇಷಿಸಬಲ್ಲವರು ಸಿಗುವುದು ಕಷ್ಟ. ಅಂಥವರನ್ನು ಯಾರೂ ಬಿಟ್ಟುಕೊಡುವುದಿಲ್ಲ.

ಹಂತ 4: ಮೊದಲ ಕೆಲಸ

ಸಾಮಾನ್ಯವಾಗಿ ಸ್ವಯಂಸೇವಕರಾಗಿ, ಆಮೇಲೆ ಸಂಶೋಧನಾ ಸಹಾಯಕರಾಗಿ ಶುರು. ಮೈಸೂರು, ಬೆಂಗಳೂರಿನಲ್ಲಿ ಕಚೇರಿ ಇರುವ ಸಂರಕ್ಷಣಾ ಸಂಸ್ಥೆಗಳು ಪ್ರತಿ ಬೇಸಿಗೆಯ ಮುಂಚೆ ಜನ ಹುಡುಕುತ್ತವೆ, ಯಾಕೆಂದರೆ ಎಲೆ ಉದುರುವ ಕಾಡುಗಳಲ್ಲಿ ಸಮೀಕ್ಷೆ ನಡೆಯುವುದು ಹೆಚ್ಚಾಗಿ ಒಣ ತಿಂಗಳುಗಳಲ್ಲಿ.

ಅರ್ಜಿ ಬರೆಯುವಾಗ "ನನಗೆ ಚಿಕ್ಕಂದಿನಿಂದ ಪ್ರಾಣಿಗಳೆಂದರೆ ಪ್ರೀತಿ" ಅಂತ ಶುರು ಮಾಡಬೇಡಿ. ಎಲ್ಲ ಅರ್ಜಿಯಲ್ಲೂ ಅದೇ ಇರುತ್ತದೆ. ಎಷ್ಟು ಹಕ್ಕಿ ದನಿಯಿಂದ ಗುರುತಿಸುತ್ತೀರಿ, ಯಾವ ಭಾಷೆ ಬರುತ್ತದೆ, ಬೈಕ್ ಓಡಿಸುತ್ತೀರಾ, ಆರ್‌ನಲ್ಲಿ ಏನು ಮಾಡಿದ್ದೀರಿ, ಹಂತ 2ರ ನಿಮ್ಮ ದಾಖಲೆ ಎಷ್ಟು ತಿಂಗಳದ್ದು, ಇದನ್ನು ಬರೆಯಿರಿ. ಕನ್ನಡ ಬರುತ್ತದೆ ಅನ್ನುವುದು ಇಲ್ಲಿ ಸಣ್ಣ ಅರ್ಹತೆಯಲ್ಲ. ಗಾರ್ಡ್ ಹೇಳಿದ್ದು, ಹಾಡಿಯ ಅಜ್ಜ ಹೇಳಿದ್ದು ನೇರವಾಗಿ ಅರ್ಥವಾಗುವವರು ಬೇಕು.

ಸಂಬಳದ ವಿಷಯ ಮುಚ್ಚುಮರೆ ಬೇಡ. ಸರ್ಕಾರಿ ಫೆಲೋಶಿಪ್ ಇದ್ದರೆ ಜೆಆರ್‌ಎಫ್‌ಗೆ (ಕಿರಿಯ ಸಂಶೋಧನಾ ಫೆಲೋ) ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ ಎಸ್‌ಆರ್‌ಎಫ್ (ಹಿರಿಯ ಸಂಶೋಧನಾ ಫೆಲೋ) ಆದರೆ 42,000, ಇದು 2023ರ ಜನವರಿಯಿಂದ ಜಾರಿಗೆ ಬಂದ ದರ, ಜತೆಗೆ ಮನೆ ಬಾಡಿಗೆ ಭತ್ಯೆ. ಸಂಸ್ಥೆಗಳ ಯೋಜನೆಗಳಲ್ಲಿ ಶುರುವಿನ ಸಂಬಳ ಇದಕ್ಕಿಂತ ಕಡಿಮೆಯೂ ಇರಬಹುದು. ಊಟ, ವಸತಿ ಕೊಡುತ್ತಾರಾ ಅಂತ ಕೇಳಿಕೊಳ್ಳಿ.

ಎಚ್ಚರಿಕೆ: ಮಾತಿನ ಮೇಲೆ ಕೆಲಸಕ್ಕೆ ಹೋಗಬೇಡಿ. ಅವಧಿ, ಸಂಬಳ, ಅಪಘಾತ ವಿಮೆ, ನೀವು ಸಂಗ್ರಹಿಸಿದ ಮಾಹಿತಿಯಿಂದ ಲೇಖನ ಬಂದರೆ ನಿಮ್ಮ ಹೆಸರು ಇರುತ್ತದಾ ಅನ್ನುವುದು, ಇಷ್ಟೂ ಬರಹದಲ್ಲಿ ಇರಲಿ. ವಿಮೆ ಇಲ್ಲದೆ ಆನೆ ಇರುವ ಕಾಡಿನಲ್ಲಿ ಕೆಲಸ ಮಾಡಿಸುವ ಯಾರ ಜತೆಗೂ ಹೋಗಬೇಡಿ. ಉಚಿತವಾಗಿ ವರ್ಷಗಟ್ಟಲೆ ದುಡಿಸಿಕೊಳ್ಳುವುದಕ್ಕೆ "ಅನುಭವ" ಅಂತ ಹೆಸರಿಡುವವರೂ ಇದ್ದಾರೆ. ಬಡವರ ಮನೆಯ ಹುಡುಗರು ಈ ಕ್ಷೇತ್ರಕ್ಕೆ ಬರಲಾಗದಂತೆ ಮಾಡಿರುವುದು ಇದೇ, ಇದು ನಿಲ್ಲಬೇಕು.

ಹಂತ 5: ಅನುಮತಿ

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ಅಧ್ಯಯನಕ್ಕೆ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಕಲಂ ಇದಕ್ಕೆ ಸಂಬಂಧಿಸಿದ್ದು. ನಮ್ಮಲ್ಲಿ ಅರ್ಜಿ ಬೆಂಗಳೂರಿನ ಅರಣ್ಯ ಭವನಕ್ಕೆ ಹೋಗುತ್ತದೆ. ಏನು ಪ್ರಶ್ನೆ, ಯಾವ ವಿಧಾನ, ಯಾವ ವಲಯ, ಎಷ್ಟು ದಿನ, ತಂಡದಲ್ಲಿ ಯಾರ್ಯಾರು, ಯಾವ ವಾಹನ, ಯಾವ ಉಪಕರಣ, ಎಲ್ಲ ಬರೆಯಬೇಕು. ಪ್ರಾಣಿ ಹಿಡಿಯುವುದು, ರೇಡಿಯೋ ಕಾಲರ್ ಹಾಕುವುದು, ರಕ್ತದ ಮಾದರಿ ತೆಗೆಯುವುದು ಇದ್ದರೆ 12ನೇ ಕಲಂ ಬರುತ್ತದೆ, ಮೊದಲ ಪರಿಚ್ಛೇದದ ಪ್ರಾಣಿಯಾದರೆ ಕೇಂದ್ರ ಸರ್ಕಾರದ ಒಪ್ಪಿಗೆಯೂ ಬೇಕು. ಮೊದಲ ಪರಿಚ್ಛೇದ ಅಂದರೆ ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆ ಇರುವ ಪ್ರಾಣಿಗಳ ಪಟ್ಟಿ. ಮಾದರಿಗಳನ್ನು ವಿದೇಶಕ್ಕೆ ಕಳಿಸುವ ಯೋಚನೆ ಇದ್ದರೆ 2002ರ ಜೀವವೈವಿಧ್ಯ ಕಾಯ್ದೆಯನ್ನೂ ಓದಿಕೊಳ್ಳಿ.

ತಿಂಗಳುಗಳು ಹಿಡಿಯುತ್ತವೆ. ಬೇಸಿಗೆಯ ಸಮೀಕ್ಷೆಗೆ ಮಳೆಗಾಲದಲ್ಲೇ ಅರ್ಜಿ ಹಾಕಿ. ಅನುಮತಿ ಪತ್ರ ಬಂದಮೇಲೆ ನೇರ ಕಾಡಿಗೆ ಹೋಗಬೇಡಿ. ಡಿಸಿಎಫ್ (ಉಪ ಅರಣ್ಯ ಸಂರಕ್ಷಣಾಧಿಕಾರಿ) ಅಥವಾ ಹುಲಿ ಯೋಜನೆಯ ನಿರ್ದೇಶಕರು, ಆರ್‌ಎಫ್‌ಒ (ವಲಯ ಅರಣ್ಯಾಧಿಕಾರಿ), ಆಮೇಲೆ ಆ ಭಾಗದ ಗಾರ್ಡ್, ಹೀಗೆ ಎಲ್ಲರನ್ನೂ ಕಂಡು ಮಾತಾಡಿ. ಪತ್ರದ ಪ್ರತಿ ಯಾವಾಗಲೂ ಚೀಲದಲ್ಲಿ ಇರಲಿ. ಕಳ್ಳಬೇಟೆ ತಡೆ ಶಿಬಿರದಲ್ಲಿ ತಿಂಗಳುಗಟ್ಟಲೆ ಮನೆ ಬಿಟ್ಟು ಇರುವ ವಾಚರ್‌ಗಳಿಗೆ ನಿಮ್ಮ ಕೆಲಸ ಏನು ಅಂತ ಕೂತು ವಿವರಿಸಿ. ಕಾಡು ಉಳಿದಿರುವುದು ಅವರಿಂದ.

ಹಂತ 6: ಬದುಕಿ ವಾಪಸ್ ಬನ್ನಿ

ನಮ್ಮ ಕಾಡುಗಳಲ್ಲಿ ಹುಲಿಗಿಂತ ಆನೆಯ ಅಪಾಯ ಬಹಳ ಜಾಸ್ತಿ. ಬೆಳಕು ಸರಿಯಾಗಿ ಹರಿಯುವ ಮೊದಲು ನಡೆಯಬೇಡಿ. ಕಿವಿಗೆ ಇಯರ್‌ಫೋನ್ ಹಾಕಬೇಡಿ. ಒಬ್ಬರೇ ಹೋಗಬೇಡಿ. ಜತೆಗಿರುವ ವಾಚರ್ "ಬೇಡ ಸಾರ್, ವಾಪಸ್ ಹೋಗೋಣ" ಅಂದರೆ ವಾಪಸ್ ಹೋಗುವುದೇ. ಅವರಿಗೆ ವಾಸನೆ ಬಂದಿರುತ್ತದೆ, ನಿಮಗೆ ಬಂದಿರುವುದಿಲ್ಲ.

ಮಲೆನಾಡಿನಲ್ಲಿ ಕೆಲಸ ಮಾಡುವವರು ಮಂಗನ ಕಾಯಿಲೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದದ್ದು. ಹರಡುವುದು ಉಣುಗಿನಿಂದ, ಅದೂ ಒಣ ತಿಂಗಳುಗಳಲ್ಲಿ, ಸಮೀಕ್ಷೆಯ ಕಾಲದಲ್ಲೇ. ಉದ್ದ ತೋಳಿನ ಅಂಗಿ, ಪ್ಯಾಂಟಿನ ಮೇಲೆ ಎಳೆದ ಕಾಲುಚೀಲ, ಆರೋಗ್ಯ ಇಲಾಖೆ ಕೊಡುವ ಉಣುಗು ಓಡಿಸುವ ಎಣ್ಣೆ. ವಾಪಸ್ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸ್ನಾನ ಮಾಡಿ, ಮೈ ಪೂರ್ತಿ ನೋಡಿಕೊಳ್ಳಿ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಿ. ಜ್ವರ ಬಂದರೆ ಮಾತ್ರೆ ನುಂಗಿ ಮಲಗಬೇಡಿ, ಡಾಕ್ಟರಿಗೆ "ನಾನು ಕಾಡಿನಲ್ಲಿ ಕೆಲಸ ಮಾಡುತ್ತೇನೆ" ಅಂತ ಮೊದಲ ಮಾತಿಗೇ ಹೇಳಿ.

ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಚ್ಚಿದ ಕೈ ಅಥವಾ ಕಾಲನ್ನು ಅಲ್ಲಾಡಿಸದಂತೆ ಇಟ್ಟು ಆಸ್ಪತ್ರೆಗೆ ಹೊರಡಿ. ಯಾವ ತಾಲ್ಲೂಕು ಆಸ್ಪತ್ರೆಯಲ್ಲಿ ಹಾವಿನ ವಿಷಕ್ಕೆ ಚುಚ್ಚುಮದ್ದು ಇದೆ, ಅಲ್ಲಿಗೆ ಎಷ್ಟು ಹೊತ್ತು ಅನ್ನುವುದು ಸಮೀಕ್ಷೆಗೆ ಮೊದಲೇ ತಂಡದ ಎಲ್ಲರಿಗೂ ಗೊತ್ತಿರಬೇಕು. ನಮ್ಮಲ್ಲಿ ಸಿಗುವ ಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲಕ್ಕೆ ಮಾಡಿದ್ದು, ಘಟ್ಟದ ಕಾಡಿನ ಗುಳಿಮಂಡಲಗಳಿಗಲ್ಲ. ಆದ್ದರಿಂದ ಕಾಲಿಡುವ ಮುಂಚೆ ನೋಡುವುದೇ ಮದ್ದು.

ತಂಡದಲ್ಲಿ ಹೆಣ್ಣುಮಕ್ಕಳಿದ್ದರೆ ಶೌಚಾಲಯ, ಪ್ರತ್ಯೇಕ ಕೋಣೆ, ದೂರು ಕೊಡಲು ಒಬ್ಬ ಜವಾಬ್ದಾರಿ ವ್ಯಕ್ತಿ, ಇವು ಮೊದಲ ದಿನವೇ ಇರಬೇಕು. ಇಲ್ಲದ ಕಡೆ ಇದನ್ನು ಕೇಳಲು ಹಿಂಜರಿಯಬೇಡಿ. ಇಂದು ಈ ಕ್ಷೇತ್ರದ ಒಳ್ಳೆಯ ಕೆಲಸದಲ್ಲಿ ದೊಡ್ಡ ಪಾಲು ಹೆಣ್ಣುಮಕ್ಕಳದ್ದು.

ಹಂತ 7: ಅಲ್ಲಿ ಬದುಕುವವರಿಂದ ಕಲಿಯಿರಿ

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ವರ್ಷಗಳಿಂದ ಒಂದು ಮಾತು ಹೇಳುತ್ತಿದ್ದರು. ಹಿಂದೆ ಬೇಸಿಗೆ ಶುರುವಿನಲ್ಲಿ ನಾವು ತರಗಿಗೆ ಸಣ್ಣ ಬೆಂಕಿ ಹಾಕುತ್ತಿದ್ದೆವು, ಅದು ನಿಂತ ಮೇಲೆ ಲಂಟಾನ ಕಳೆ ಕಾಡೆಲ್ಲ ತುಂಬಿತು ಅಂತ. ಅಲ್ಲಿ 1974ರಲ್ಲಿ ಅಭಯಾರಣ್ಯ ಆಯಿತು, ಬೆಂಕಿ ಹಾಕುವುದು ನಿಂತಿತು. ಸಂಶೋಧಕರು ಆ ಮಾತನ್ನು ಗಂಭೀರವಾಗಿ ತೆಗೆದುಕೊಂಡು ಅಳೆದು ನೋಡಿದರು. 1997ರಲ್ಲಿ ನೋಡಿದ್ದ ಜಾಗಗಳನ್ನೇ 2008ರಲ್ಲಿ ಮತ್ತೆ ನೋಡಿದಾಗ ಲಂಟಾನ ಇರುವ ಜಾಗಗಳು ಸುಮಾರು ದುಪ್ಪಟ್ಟಾಗಿದ್ದವು. ಬೆಂಕಿಯೊಂದೇ ಕಾರಣ ಅಂತ ಅಷ್ಟರಿಂದಲೇ ಹೇಳಲಾಗುವುದಿಲ್ಲ. ಆದರೆ ಆ ಪ್ರಶ್ನೆ ಬಂದದ್ದು ಸೋಲಿಗರಿಂದ, ಪಠ್ಯಪುಸ್ತಕದಿಂದಲ್ಲ. 2011ರಲ್ಲಿ ಅಲ್ಲಿನ ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯದ ಹಕ್ಕೂ ಸಿಕ್ಕಿತು. ಇಂಥ ಕಡೆ ಕೆಲಸ ಮಾಡುವವರಿಗೆ ಆ ಕಾಯ್ದೆ ಗೊತ್ತಿಲ್ಲದಿದ್ದರೆ ಆಗುವುದಿಲ್ಲ.

ಪ್ರಶ್ನಾವಳಿ ಹಿಡಿದು ಹಾಡಿಗೆ ಹೋಗಿ ಒಂದು ಗಂಟೆಯಲ್ಲಿ ವಾಪಸ್ ಬರಬೇಡಿ. ಕಾಡಿನವರನ್ನು ದಾರಿ ತೋರಿಸುವ ಕೂಲಿಯಾಗಿ ಮಾತ್ರ ನೋಡಬೇಡಿ. ಅವರ ಹೆಸರು ವರದಿಯಲ್ಲಿ ಇರಲಿ, ಅವರು ಒಪ್ಪಿದರೆ. ಕೊನೆಗೆ ಸಿಕ್ಕ ಫಲಿತಾಂಶವನ್ನು ಕನ್ನಡದಲ್ಲಿ, ಎರಡು ಪುಟದಲ್ಲಿ ಬರೆದು ಅವರಿಗೆ ಓದಿ ಹೇಳಿ. ಇದನ್ನು ಮಾಡದೆ ಹೋದ ಸಂಶೋಧಕರಿಂದಾಗಿ ಎಷ್ಟೋ ಊರುಗಳಲ್ಲಿ "ಮತ್ತೆ ಬಂದ್ರಾ, ಬರ್ಕೊಂಡು ಹೋಗೋಕೆ" ಅನ್ನುವ ಮಾತು ಕೇಳಬೇಕಾಗುತ್ತದೆ.

ಎಚ್ಚರಿಕೆ: ಅಪರೂಪದ ಪ್ರಾಣಿ, ಗೂಡು, ಆರ್ಕಿಡ್ ಎಲ್ಲಿದೆ ಅನ್ನುವುದನ್ನು ಸಾಮಾಜಿಕ ಜಾಲತಾಣದಲ್ಲಿ ಹಾಕಬೇಡಿ. ಫೋಟೋದೊಳಗೆ ಅಡಗಿರುವ ಜಿಪಿಎಸ್ ಮಾಹಿತಿಯನ್ನು ತೆಗೆದು ಹಾಕಿ. ಕಳ್ಳಬೇಟೆಯವರೂ ಫೋಟೋ ನೋಡುತ್ತಾರೆ.

ಹಂತ 8: ಸೀನಿಯರ್ ಆದಮೇಲೆ

ಇಲ್ಲಿಗೆ ಬರಲು ಪಿಎಚ್‌ಡಿ ಸೇರಿ ಹತ್ತು ಹನ್ನೆರಡು ವರ್ಷ ಹಿಡಿಯುತ್ತದೆ ಅಂದುಕೊಳ್ಳಿ. ಈಗ ನಿಮ್ಮ ಮುಖ್ಯ ಕೆಲಸ ಪ್ರಶ್ನೆ ಆರಿಸುವುದು. ಹಣ ಕೊಡುವವರಿಗೆ ಹುಲಿ ಬೇಕು, ಆನೆ ಬೇಕು. ರಾಣೆಬೆನ್ನೂರು, ಕೊಪ್ಪಳ ಕಡೆಯ ಹುಲ್ಲುಗಾವಲು, ಅಲ್ಲಿನ ತೋಳ, ಕೃಷ್ಣಮೃಗ, ಮಲೆನಾಡಿನ ರಾಮಪತ್ರೆ ಜಡ್ಡಿ (ರಾಮಪತ್ರೆ ಮರಗಳ ಜೌಗು ಕಾಡು), ಇವಕ್ಕೆ ಹಣ ಹುಟ್ಟುವುದು ಕಷ್ಟ. ಅವನ್ನೂ ನಿಮ್ಮ ಪಟ್ಟಿಯಲ್ಲಿ ಇಡುವ ಜವಾಬ್ದಾರಿ ನಿಮ್ಮದು.

ಅಂಕಿಯಿಂದ ಏನಾಗುತ್ತದೆ ಅನ್ನುವುದಕ್ಕೆ ಶಿರಸಿ–ಹೊನ್ನಾವರದ ಸಿಂಗಳೀಕ ಒಳ್ಳೆಯ ಉದಾಹರಣೆ. ಅಭಯಾರಣ್ಯದ ಹೊರಗಿನ ಕಾಡಿನಲ್ಲಿ ಸಿಂಗಳೀಕಗಳ ದೊಡ್ಡ ಗುಂಪುಗಳಿವೆ ಅಂತ ಸಮೀಕ್ಷೆಗಳು ತೋರಿಸಿದವು. ಅದೇ ಕಾಡಿನಲ್ಲಿ ಜನ ಉಪ್ಪಾಗೆ ಅನ್ನುವ ಹುಳಿ ಹಣ್ಣು ಕೊಯ್ಯುತ್ತಾರೆ, ಸಿಂಗಳೀಕಕ್ಕೂ ಉಪ್ಪಾಗೆ ಬೇಕು. ಜನರನ್ನು ಹೊರಗಿಟ್ಟರೆ ಬದುಕು ಹೋಗುತ್ತದೆ, ಕೊಯ್ಲು ಹೇಗೆ ಬೇಕಾದರೂ ನಡೆದರೆ ಮಂಗನ ಊಟ ಹೋಗುತ್ತದೆ. 2011ರಲ್ಲಿ ಅಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶ ಘೋಷಣೆಯಾಯಿತು. ಸಂರಕ್ಷಣಾ ಮೀಸಲು ಅಂದರೆ ಜನರ ಹಕ್ಕನ್ನು ಕಿತ್ತುಕೊಳ್ಳದೆ ಕಾಡಿಗೆ ರಕ್ಷಣೆ ಕೊಡುವ ವ್ಯವಸ್ಥೆ. 2019ರಲ್ಲಿ ಅದನ್ನು ಶರಾವತಿ ಕಣಿವೆಯ ಜತೆ ಸೇರಿಸಿ ದೊಡ್ಡ ಸಿಂಗಳೀಕ ಅಭಯಾರಣ್ಯ ಮಾಡಿದರು. ಎಷ್ಟು ಗುಂಪು, ಎಲ್ಲಿ, ಏನು ತಿನ್ನುತ್ತವೆ ಅನ್ನುವ ಅಂಕಿ ಇಲ್ಲದೆ ಇದರಲ್ಲಿ ಯಾವುದೂ ಶುರುವಾಗುತ್ತಿರಲಿಲ್ಲ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ಇರುವ ರಾತ್ರಿ 9ರಿಂದ ಬೆಳಿಗ್ಗೆ 6ರ ವಾಹನ ನಿಷೇಧವೂ ಹಾಗೆಯೇ, ಅದನ್ನು ಪ್ರಶ್ನಿಸಿದಾಗಲೆಲ್ಲ ವಾಹನಕ್ಕೆ ಸಿಕ್ಕಿ ಸತ್ತ ಪ್ರಾಣಿಗಳ ದಾಖಲೆ ಬೇಕಾಗುತ್ತದೆ.

ಹಾಗಾಗಿ ವರದಿಯಲ್ಲಿ ಒಂದೇ ಸಂಖ್ಯೆ ಕೊಡಬೇಡಿ. "40 ಹುಲಿ" ಅಲ್ಲ, "30ರಿಂದ 52ರ ನಡುವೆ, ಹೆಚ್ಚು ಸಂಭವ 40" ಅಂತ ಬರೆಯಿರಿ. ಪತ್ರಕರ್ತರಿಗೆ ಇದು ಇಷ್ಟವಾಗುವುದಿಲ್ಲ, ಅಧಿಕಾರಿಗಳಿಗೂ ಇಷ್ಟವಾಗುವುದಿಲ್ಲ. ಆದರೂ ಬಿಡಬೇಡಿ. ಮುಂದಿನ ಸಲ 36 ಬಂದಾಗ "ನಾಲ್ಕು ಹುಲಿ ಸತ್ತವು" ಅಂತ ಸುದ್ದಿಯಾದರೆ ಉತ್ತರ ಕೊಡಬೇಕಾದವರು ನೀವೇ. ಯೋಜನೆ ತರುವ ಕಂಪನಿಯೋ, ಸ್ನೇಹಿತರಾದ ಅಧಿಕಾರಿಯೋ, ನಿಮ್ಮದೇ ಸಂಸ್ಥೆಯೋ "ಸ್ವಲ್ಪ ಮೃದುವಾಗಿ ಬರೆಯಿರಿ" ಅನ್ನುವ ದಿನ ಬರುತ್ತದೆ. ವಾಕ್ಯ ಮೃದುವಾಗಲಿ, ಅಂಕಿ ಬದಲಾಗಬಾರದು.

ಮೂಲ ಮಾಹಿತಿಯನ್ನು ಮೂರು ಕಡೆ ಇಡಿ, ಒಂದು ಕಚೇರಿಯ ಹೊರಗೆ. ಕಾಲಂ ಹೆಸರುಗಳ ಅರ್ಥ ಬರೆದ ಒಂದು ಪುಟ ಜತೆಗಿರಲಿ. ತಮಿಳುನಾಡಿನ ಮುದುಮಲೈಯಲ್ಲಿ ಐಐಎಸ್‌ಸಿಯವರು 1988ರಲ್ಲಿ ಹಾಕಿದ 50 ಹೆಕ್ಟೇರ್ ಪ್ಲಾಟಿನ ಮರಗಳನ್ನು ಇಂದಿಗೂ ಅಳೆಯುತ್ತಾರೆ. ಆಗ ಅಳೆದವರು ಬದಲಾದರೂ ಪುಸ್ತಕ ಓದುವಂತಿದ್ದರೆ ಮಾತ್ರ ಇಷ್ಟು ವರ್ಷದ ಲೆಕ್ಕ ಸಾಧ್ಯ, ಅಲ್ವಾ?

ಉಳಿದ ಪ್ರಶ್ನೆಗಳು, ಚುಟುಕಾಗಿ

ಇಂಗ್ಲಿಷ್ ಅಷ್ಟು ಬರುವುದಿಲ್ಲ, ಆಗುತ್ತಾ? ಆಗುತ್ತದೆ. ಸಂಶೋಧನಾ ಲೇಖನಗಳು ಇಂಗ್ಲಿಷಿನಲ್ಲೇ ಇರುವುದರಿಂದ ಓದುವಷ್ಟು, ಬರೆಯುವಷ್ಟು ಕಲಿಯಲೇಬೇಕು. ವಾರಕ್ಕೆ ಒಂದು ಲೇಖನ ಓದಿ, ಅದರ ಸಾರವನ್ನು ಕನ್ನಡದಲ್ಲಿ ಬರೆಯಿರಿ. ಒಂದು ವರ್ಷದಲ್ಲಿ ಭಯ ಹೋಗುತ್ತದೆ.

ಮೂವತ್ತು ದಾಟಿದೆ, ತಡವಾಯಿತಾ? ಇಲ್ಲ. ಆದರೆ ಈಗಿನ ಕೆಲಸ ಬಿಡುವ ಮೊದಲು ರಜೆ ಹಾಕಿ ಒಂದು ಸಮೀಕ್ಷೆಗೆ ಹೋಗಿ ಬನ್ನಿ. ಪ್ರೋಗ್ರಾಮಿಂಗ್ ಬರುವವರಾದರೆ ಕ್ಯಾಮೆರಾ ಟ್ರ್ಯಾಪ್ ಫೋಟೋಗಳನ್ನು ವಿಂಗಡಿಸುವ ಕೆಲಸದಿಂದಲೇ ಶುರು ಮಾಡಬಹುದು, ಲಕ್ಷಗಟ್ಟಲೆ ಫೋಟೋ ಕಾಯುತ್ತಿರುತ್ತವೆ.

ಫೋಟೋಗ್ರಫಿ ಬಂದರೆ ಸಾಕಾ? ಸಾಲದು. ಅದು ಬೇರೆ ವೃತ್ತಿ.

ಯಾವ ಸಂಸ್ಥೆಗೆ ಬರೆಯಲಿ? ಹೆಸರು ಕೇಳಿ ಬರೆಯಬೇಡಿ. ನಿಮಗೆ ಇಷ್ಟವಾದ ಕಾಡು ಅಥವಾ ಪ್ರಾಣಿಯ ಬಗ್ಗೆ ಇತ್ತೀಚೆಗೆ ಬಂದ ಒಂದು ಲೇಖನ ಹುಡುಕಿ, ಪೂರ್ತಿ ಓದಿ, ಬರೆದವರಿಗೆ ಮಿಂಚಂಚೆ ಕಳಿಸಿ. ಐದಾರು ಸಾಲು ಸಾಕು: ನೀವು ಯಾರು, ಅವರ ಲೇಖನದಲ್ಲಿ ನಿಮಗೆ ಎದ್ದ ಒಂದು ಪ್ರಶ್ನೆ, ಯಾವ ತಿಂಗಳಿಂದ ಯಾವ ತಿಂಗಳವರೆಗೆ ನೀವು ಬಿಡುವಾಗಿದ್ದೀರಿ. ಎರಡು ವಾರ ಉತ್ತರ ಬರದಿದ್ದರೆ ಇನ್ನೊಮ್ಮೆ ಬರೆಯಿರಿ, ಅವರು ಕಾಡಿನಲ್ಲಿ ಸಿಗ್ನಲ್ ಇಲ್ಲದ ಕಡೆ ಇರಬಹುದು.